ತೆಂಗಿನಕಾಯಿ ಗೆದ್ದಿತು, ಮೀಟರ್ ಸೋತಿತು: ಹಾಗಾದರೆ ವಿಜ್ಞಾನ ಯಾವುದು?

ಪ್ರಶ್ನೆ: ಸರ್, ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಮಸಾರಿ ಹೊಲ, ಅದರಲ್ಲಿ ಎರಡು ಎಕರೆ ದಾಳಿಂಬೆ. ಹಳೇ ಬೋರು ಬತ್ತಿದ ಮೇಲೆ ನನ್ನ ಮಾತು ಕೇಳಿ ಅಪ್ಪ ಭೂಗರ್ಭ ತಜ್ಞರನ್ನು ಕರೆಸಿದರು. ಅವರು ಮೀಟರ್ ಇಟ್ಟು ಪಾಯಿಂಟ್ ಕೊಟ್ಟರು. 410 ಅಡಿ ಕೊರೆಸಿದರೂ ಬರೀ ಧೂಳು ಬಂತು. ಆಮೇಲೆ ಕಾಕಾ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವರನ್ನು ಕರೆತಂದರು. ಅವರು ತೋರಿಸಿದ ಜಾಗದಲ್ಲಿ 260 ಅಡಿಗೆ ಎರಡು ಇಂಚು ನೀರು ಬಿತ್ತು. ಈಗ ಮನೆಯಲ್ಲಿ ನನ್ನ ಫಿಸಿಕ್ಸ್ ಎಂದರೆ ನಗೆಪಾಟಲು. ‘ಫಲ ಕೊಟ್ಟದ್ದೇ ವಿಜ್ಞಾನ’ ಅನ್ನುತ್ತಾರೆ ಕಾಕಾ. ನಮ್ಮ ಪಿಯು ಲೆಕ್ಚರರ್ ‘ಫಿಸಿಕ್ಸ್ ಒಂದೇ ನಿಜವಾದ ವಿಜ್ಞಾನ, ಉಳಿದದ್ದೆಲ್ಲ ಬಾಯಿಪಾಠ’ ಅನ್ನುತ್ತಿದ್ದರು. ಹಾಗಿದ್ದರೆ ಮೀಟರ್ ಯಾಕೆ ಸೋತಿತು? ವಿಜ್ಞಾನಿಗಳೂ ಇವತ್ತೊಂದು ನಾಳೆಯೊಂದು ಹೇಳುತ್ತಾರಲ್ಲ? ಇನ್ನೊಂದು ಬೋರು ಹಾಕಿಸಬೇಕಾಗಿ ಬಂದರೆ ಯಾರನ್ನು ಕರೆಸಬೇಕು? ನಾನು ಬಿಎಸ್‌ಸಿಗೆ ಫಿಸಿಕ್ಸ್ ತೆಗೆದುಕೊಳ್ಳಲೋ ಬೇಡವೋ?
(ಹೆಸರು ಹಾಕಬೇಡಿ ಎಂದ ವಿದ್ಯಾರ್ಥಿನಿ, ಕುಷ್ಟಗಿ ತಾಲ್ಲೂಕು)

ಉತ್ತರ: ತಂಗಿ, ನಾನು ಪಾಠ ಮಾಡಿದ ಹುಡುಗರ ಮಕ್ಕಳ ವಯಸ್ಸು ನಿನ್ನದು. ಅದಕ್ಕೇ ‘ನೀನು’ ಎಂದು ಬರೆಯುತ್ತೇನೆ, ತಪ್ಪು ತಿಳಿಯಬೇಡ.

ನಿನ್ನ ಪತ್ರದಲ್ಲಿ ಪ್ರಶ್ನೆ ನಾಲ್ಕಿವೆ, ಸಂಕಟ ಒಂದೇ. ನಿನ್ನ ಮಾತು ಕೇಳಿ ಮನೆಯ ದುಡ್ಡು ಹೋಯಿತು. ನೀನು ನಂಬಿದ ವಿದ್ಯೆ ಎಲ್ಲರ ಎದುರು ಕೈಕೊಟ್ಟಿತು. ಇದು ನನಗೆ ಚೆನ್ನಾಗಿ ಗೊತ್ತು. ಬಳ್ಳಾರಿಯಲ್ಲಿ ಫಿಸಿಕ್ಸ್ ಮೇಷ್ಟ್ರಾಗುವ ಮೊದಲು ನಾಲ್ಕು ವರ್ಷ ನಾನೇ ರೆಸಿಸ್ಟಿವಿಟಿ ಮೀಟರ್ ಹೊತ್ತು ಸಿರುಗುಪ್ಪ, ಮಾನ್ವಿ, ಯಲಬುರ್ಗಾ ಕಡೆಯ ಹೊಲ ತಿರುಗಿದ್ದೇನೆ. ಒಬ್ಬ ರೈತರ ಎರೆ ಹೊಲದಲ್ಲಿ ಮೀಟರ್ ನೆಲದ ರೋಧ ತುಂಬಾ ಕಡಿಮೆ ಎಂದು ತೋರಿಸಿತು. ಕೆಳಗೆ ಕೆರೆಯೇ ಇದೆ ಎನ್ನುವಷ್ಟು ಖುಷಿಯಾಗಿ ಗೂಟ ಹೊಡೆದೆ. ಕೊರೆದರೆ ಮೊದಲು ಹಸಿ ಜೇಡಿ, ಅದರ ಕೆಳಗೆ ಕಬ್ಬಿಣದಂಥ ಕಲ್ಲು. ನೀರಿನ ಹನಿಯೂ ಇಲ್ಲ. ಆ ರೈತರು ಒಂದು ಮಾತೂ ಅನ್ನಲಿಲ್ಲ, ಚಹಾ ಕೊಟ್ಟು ಕಳಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೀಟರ್ ಸೋತಿತು ಎನ್ನುವ ಮೊದಲು ಅದು ಏನು ಮಾಡುತ್ತದೆ ಎಂದು ನೋಡು. ಅದು ನೀರನ್ನು ನೋಡುವುದಿಲ್ಲ. ನಾಲ್ಕು ಕಬ್ಬಿಣದ ಗೂಟ ನೆಡುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ನೀನು ಹತ್ತನೇ ಕ್ಲಾಸಿನಲ್ಲಿ ಓದಿದ ಓಮ್ ನಿಯಮವೇ. ಗಟ್ಟಿ ಗ್ರಾನೈಟಿನ ರೋಧಶೀಲತೆ, ಅಂದರೆ ಕರೆಂಟನ್ನು ತಡೆಯುವ ಗುಣ, ಸಾವಿರಾರು ಓಮ್-ಮೀಟರ್. ನೀರು ಕುಡಿದು ಕೊಳೆತ ಕಲ್ಲು, ಮೊರಂ ಆದರೆ ಹತ್ತಾರು, ಹೆಚ್ಚೆಂದರೆ ನೂರಿನ್ನೂರು. ಹಾಗಾಗಿ ಸಂಖ್ಯೆ ಇಳಿದ ಕಡೆ ನೀರು ಇರಬಹುದು ಎಂದು ಊಹಿಸುತ್ತೇವೆ. ಆದರೆ ಹಸಿ ಜೇಡಿಯೂ ಕಡಿಮೆ ತೋರಿಸುತ್ತದೆ, ಉಪ್ಪು ನೀರೂ ತೋರಿಸುತ್ತದೆ. ನಾನು ಬಿದ್ದದ್ದು ಆ ಜೇಡಿಯಲ್ಲೇ. ಇನ್ನೊಂದು ತೊಂದರೆ ಇದೆ. ನಮ್ಮ ಸೀಮೆಯ ಕಲ್ಲಿಗೆ ಮರಳಿನ ಹಾಗೆ ನೀರು ಹಿಡಿಯುವ ಗುಣವಿಲ್ಲ. ನೀರು ಇದ್ದರೆ ಮೇಲಿನ ಕೊಳೆತ ಪದರದಲ್ಲಿ, ಇಲ್ಲವಾದರೆ ಕೆಳಗಿನ ಬಿರುಕುಗಳಲ್ಲಿ. ಮುನ್ನೂರು ಅಡಿ ಕೆಳಗಿನ ಅಂಗೈ ಅಗಲದ ಬಿರುಕು ಮೇಲಿನ ಮೀಟರಿಗೆ ಕಾಣಿಸದೇ ಹೋಗಬಹುದು. ಬೋರು ಆ ಬಿರುಕಿನಿಂದ ಹತ್ತು ಅಡಿ ಆಚೆ ಇಳಿದರೂ ಧೂಳೇ.

ಇದೆಲ್ಲ ಗೊತ್ತಿದ್ದ ಒಬ್ಬ ಒಳ್ಳೆಯ ಭೂಗರ್ಭ ತಜ್ಞ ‘ಇಲ್ಲಿ ನೀರಿದೆ’ ಎಂದು ಹೇಳುವುದಿಲ್ಲ. ‘ಇಲ್ಲಿ ಸಿಗುವ ಸಂಭವ ಅಲ್ಲಿಗಿಂತ ಜಾಸ್ತಿ’ ಎನ್ನುತ್ತಾನೆ. ನಿಮ್ಮ ಹೊಲಕ್ಕೆ ಬಂದವರು ಯಾವ ಮಾತು ಹೇಳಿದ್ದರು, ನೆನಪು ಮಾಡಿಕೊ.

ಈಗ ಒಂದು ಲೆಕ್ಕ ಹಾಕೋಣ. ನಿಮ್ಮ ಊರಲ್ಲಿ ಕಣ್ಣು ಮುಚ್ಚಿ ಕೊರೆದರೂ ಹತ್ತರಲ್ಲಿ ಆರು ಬೋರಿಗೆ ಅಷ್ಟೋ ಇಷ್ಟೋ ನೀರು ಬೀಳುತ್ತದೆ ಎಂದು ಇಟ್ಟುಕೊ. ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ, ನಿಮ್ಮೂರಿನದು ಬೇರೆ ಇರಬಹುದು. ಮೀಟರಿಗೂ ಕಾಯಿಗೂ ಯಾವ ಶಕ್ತಿಯೂ ಇಲ್ಲ ಎಂದೇ ಹಿಡಿ. ಮೊದಲ ಬೋರು ಫೇಲಾಗುವ ಸಂಭವ ಹತ್ತರಲ್ಲಿ ನಾಲ್ಕು, ಎರಡನೆಯದಕ್ಕೆ ನೀರು ಬೀಳುವ ಸಂಭವ ಹತ್ತರಲ್ಲಿ ಆರು. ಗುಣಿಸಿದರೆ ನೂರರಲ್ಲಿ 24. ಮೊದಲು ಮೀಟರ್, ಆಮೇಲೆ ಕಾಯಿ ಎಂದು ಹೊರಟ ನೂರು ಮನೆಗಳಲ್ಲಿ 24ರಲ್ಲಿ ನಿಮ್ಮ ಮನೆಯ ಕಥೆಯೇ ನಡೆಯುತ್ತದೆ. ಸರಿ, ಮೀಟರಿನವರು ನಿಜಕ್ಕೂ ಪಳಗಿದವರು, ಹತ್ತರಲ್ಲಿ ಎಂಟು ಸಲ ನೀರು ತರುತ್ತಾರೆ ಅನ್ನೋಣ. ಆಗಲೂ ನೂರರಲ್ಲಿ 12 ಮನೆಗಳಲ್ಲಿ ಮೀಟರ್ ಸೋತು ಕಾಯಿ ಗೆಲ್ಲುತ್ತದೆ.

ಇಲ್ಲೊಂದು ಕಳ್ಳ ಬಾಗಿಲಿದೆ. ಮೀಟರ್ ಪಾಯಿಂಟಿಗೆ ನೀರು ಬಿದ್ದ ಮನೆಗೆ ಕಾಯಿಯವರು ಬರುವುದೇ ಇಲ್ಲ. ಆ ಮನೆಯವರು ಪಂಪು ಇಳಿಸಿ, ಹೋಳಿಗೆ ಉಂಡು ಸುಮ್ಮನಾಗುತ್ತಾರೆ. ಹಾಗಾಗಿ ‘ಕಾಯಿ ಸೋತ ಮೇಲೆ ಮೀಟರ್ ಗೆದ್ದಿತು’ ಎಂಬ ಕಥೆ ಹುಟ್ಟಲು ನಿಮ್ಮ ಮನೆಯಂಥ ಮನೆಗಳಲ್ಲಿ ದಾರಿಯೇ ಇಲ್ಲ. ಊರಕಟ್ಟೆಗೆ ತಲುಪುವುದು ಒಂದೇ ಬಗೆಯ ಕಥೆ. ಕಾಕಾ ಸುಳ್ಳು ಹೇಳುತ್ತಿಲ್ಲ. ಅವರ ಕಿವಿಗೆ ಬಿದ್ದದ್ದೇ ಅಷ್ಟು.

ಕಾಯಿಯವರೂ ಮೋಸಗಾರರಲ್ಲ, ಬಹುಪಾಲು. ಕಾಯಿ ತಾನಾಗಿ ಎದ್ದು ನಿಂತಿತು ಎಂದು ಅವರು ಮನಸಾರೆ ನಂಬಿರುತ್ತಾರೆ. ಅಂಗೈ ಮೇಲೆ ಮಲಗಿದ ಕಾಯಿ ಬಹಳ ನಾಜೂಕಾದ ಸ್ಥಿತಿಯಲ್ಲಿರುತ್ತದೆ, ಕೈ ಕೂದಲೆಳೆಯಷ್ಟು ವಾಲಿದರೂ ತಿರುಗುತ್ತದೆ. ಆ ವಾಲುವಿಕೆ ಹಿಡಿದವರಿಗೇ ತಿಳಿಯುವುದಿಲ್ಲ. 1853ರಲ್ಲಿ ಮೈಕೆಲ್ ಫ್ಯಾರಡೆ ಇಂಥದೇ ಒಂದು ವಿಷಯಕ್ಕೆ ಕೈ ಹಾಕಿದ್ದ. ಆಗ ಇಂಗ್ಲೆಂಡಿನಲ್ಲಿ ಜನ ಮೇಜಿನ ಸುತ್ತ ಕೂತು, ಕೈ ಇಟ್ಟು, ಪ್ರೇತ ಬಂದು ಮೇಜು ತಿರುಗಿಸುತ್ತದೆ ಎನ್ನುತ್ತಿದ್ದರು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಮೆದು ಅಂಟಿನಿಂದ ಜೋಡಿಸಿದ ರಟ್ಟುಗಳನ್ನು ಇಟ್ಟ. ಮೇಜು ಮೊದಲು ಸರಿದಿದ್ದರೆ ಕೆಳಗಿನ ರಟ್ಟು ಮುಂದೆ ಹೋಗಬೇಕು, ಕೈ ಮೊದಲು ಸರಿದಿದ್ದರೆ ಮೇಲಿನದು. ಮೇಲಿನ ರಟ್ಟೇ ಮುಂದಿತ್ತು. ಯಾರನ್ನೂ ಬೈಯದೆ, ವಾದ ಮಾಡದೆ, ನಾಲ್ಕು ರಟ್ಟಿನಲ್ಲಿ ಮುಗಿಸಿಬಿಟ್ಟ. ನನಗೆ ಫ್ಯಾರಡೆ ಇಷ್ಟವಾಗುವುದು ಇದಕ್ಕೇ.

ನೀರು ನೋಡುವವರನ್ನೂ ಪರೀಕ್ಷೆ ಮಾಡಿದ್ದಾರೆ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ ಸುಮಾರು 500 ಜನರನ್ನು ನೋಡಿ, ಅವರಲ್ಲಿ ಚೆನ್ನಾಗಿ ಮಾಡಿದ 43 ಜನರನ್ನು ಆರಿಸಿಕೊಂಡರು. ಕಣಜದಂಥ ಕಟ್ಟಡದ ಕೆಳಗೆ ನೀರಿನ ಪೈಪನ್ನು ಗಾಡಿ ಮೇಲೆ ಅತ್ತಿತ್ತ ಸರಿಸಿ, ಮೇಲಂತಸ್ತಿನಿಂದ ಅದು ಎಲ್ಲಿದೆ ಎಂದು ಕೇಳಿದರು. ಹೀಗೆ 843 ಸಲ. ಪರೀಕ್ಷೆ ಮಾಡಿದವರು ‘ಕೆಲವರಿಗೆ ಆ ಶಕ್ತಿ ಇದೆ’ ಎಂದು ಬರೆದರು. ಆಮೇಲೆ ಜಿಮ್ ಎನ್‌ರೈಟ್ ಎಂಬ ಅಮೆರಿಕದ ಜೀವವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ. ಅತಿ ಜಾಣರು ಎನಿಸಿಕೊಂಡವರು ಎಷ್ಟು ಹತ್ತಿರ ಹೇಳಿದ್ದರೋ, ಪ್ರತಿ ಸಲ ಕಣ್ಣು ಮುಚ್ಚಿ ನಟ್ಟನಡುವೆ ಬೆರಳಿಟ್ಟವನೂ ಹೆಚ್ಚುಕಡಿಮೆ ಅಷ್ಟೇ ಹತ್ತಿರ ಬರುತ್ತಿದ್ದ.

ಹಾಗೆಂದು ನಿಮ್ಮ ಕಾಯಿಯವರಿಗೆ ಏನೂ ಗೊತ್ತಿಲ್ಲ ಎನ್ನಲಾರೆ. ಇಪ್ಪತ್ತು ವರ್ಷ ಅದೇ ಹೊಲಗಳಲ್ಲಿ ಓಡಾಡಿದವರಿಗೆ ತಗ್ಗು ಯಾವ ಕಡೆ, ಬೇಸಿಗೆಯಲ್ಲೂ ಹಸಿರಾಗಿರುವ ಮರ ಯಾವುದು, ಪಕ್ಕದ ಹೊಲದ ಬೋರಿಗೆ ಎಷ್ಟು ಅಡಿಗೆ ನೀರು ಬಿದ್ದಿದೆ ಎಲ್ಲ ತಲೆಯಲ್ಲಿರುತ್ತದೆ. ಆರನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಮರ, ಹುತ್ತ ನೋಡಿ ನೀರು ಹುಡುಕುವ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಅವುಗಳಲ್ಲಿ ಯಾವುದು ಖರೆ, ಯಾವುದು ಸುಳ್ಳು ಎಂದು ಒಂದೊಂದಾಗಿ ನೋಡಬಹುದು. ಕಣ್ಣು ಕಂಡದ್ದಕ್ಕೆ ಹೆಸರು ಕಾಯಿಗೆ ಬರುತ್ತಿದೆ, ಅಷ್ಟೇ.

‘ಫಲ ಕೊಟ್ಟದ್ದೇ ವಿಜ್ಞಾನ’ ಎಂಬ ಕಾಕಾ ಮಾತಿಗೆ ಬರುತ್ತೇನೆ. ಒಂದು ಸಲ ಫಲ ಎಲ್ಲದಕ್ಕೂ ಸಿಗುತ್ತದೆ. ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿ. ನಿನ್ನ ಕಡೆಯವರ ತಪ್ಪು ಇನ್ನೊಂದಿದೆ, ಅದನ್ನೂ ಹೇಳಬೇಕು. ಯಂತ್ರ ಇದ್ದರೆ ಅದು ವಿಜ್ಞಾನ ಎಂದುಕೊಳ್ಳುವುದು. ಎಡಿಇ 651 ಎಂಬ ಒಂದು ಸಾಧನ ಇತ್ತು. ಕೈಯಲ್ಲಿ ಹಿಡಿದರೆ ಮುಂದಿನ ಆಂಟೆನಾ ತಿರುಗಿ ಬಾಂಬ್ ತೋರಿಸುತ್ತದೆ ಎಂದು ಇರಾಕಿಗೆ ಕೋಟಿಗಟ್ಟಲೆ ಹಣಕ್ಕೆ ಮಾರಿದರು. ಒಳಗೆ ಕೆಲಸ ಮಾಡುವ ವಸ್ತು ಏನೂ ಇರಲಿಲ್ಲ. ನೀರು ನೋಡುವ ಕವಲು ಕೋಲಿಗೆ ಪ್ಲಾಸ್ಟಿಕ್ ಹಿಡಿಕೆ ಹಾಕಿದ ಹಾಗೆ. ಮಾರಿದವನಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷ ಜೈಲು ಕೊಟ್ಟಿತು. ನಮ್ಮ ಕಡೆಯೂ ಕೆಂಪು ದೀಪ ಮಿಣುಕುವ ಡಬ್ಬಿ ಹಿಡಿದು ‘ಲೇಸರ್ ಪಾಯಿಂಟ್’ ಕೊಡುವವರನ್ನು ಕಂಡಿದ್ದೇನೆ. ಅವರಿಗಿಂತ ಕಾಯಿಯವರೇ ವಾಸಿ. ಫೀಸಾದರೂ ಕಡಿಮೆ.

ಹಾಗಾದರೆ ವಿಜ್ಞಾನ ಯಾವುದು? ವ್ಯಾಖ್ಯೆ ಕೊಡುವ ಬದಲು ನಿಮ್ಮ ಪಕ್ಕದ ಮಸ್ಕಿಯ ಕಥೆ ಹೇಳುತ್ತೇನೆ. ಇದರಲ್ಲಿ ಮೀಟರೂ ಇಲ್ಲ, ಫಿಸಿಕ್ಸೂ ಇಲ್ಲ.

1837ರಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ. ಕಂಬಗಳ ಮೇಲೆ, ಬಂಡೆಗಳ ಮೇಲೆ ಒಬ್ಬನೇ ರಾಜನ ಮಾತು: ‘ದೇವಾನಾಂಪ್ರಿಯ ಪ್ರಿಯದರ್ಶಿ’. ಯಾರು ಈತ? ಪ್ರಿನ್ಸೆಪ್ ಮೊದಲು ಸಿಂಹಳದ ಒಬ್ಬ ರಾಜ ಇರಬಹುದು ಎಂದ. ಸಿಂಹಳದಲ್ಲೇ ಇದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥ ತೆಗೆದು, ಪ್ರಿಯದರ್ಶಿ ಎನ್ನುವುದು ಮೌರ್ಯರ ಅಶೋಕನ ಹೆಸರು ಎಂದು ತೋರಿಸಿದ. ಪ್ರಿನ್ಸೆಪ್ ತನ್ನ ಮಾತು ಬದಲಿಸಿದ. ಆದರೆ ಆಗ ಗೊತ್ತಿದ್ದ ಆ ರಾಜನ ಒಂದು ಶಾಸನದಲ್ಲೂ ‘ಅಶೋಕ’ ಎಂಬ ಹೆಸರು ಇರಲಿಲ್ಲ. ನಾಳೆ ಯಾವುದೋ ಬಂಡೆಯಲ್ಲಿ ಬೇರೆ ಹೆಸರು ಸಿಕ್ಕಿದ್ದರೆ ಇಡೀ ಊಹೆ ಬಿದ್ದು ಹೋಗುತ್ತಿತ್ತು. 78 ವರ್ಷ ಹಾಗೇ ಕಳೆಯಿತು. 1915ರಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡ. ಅದರಲ್ಲಿ ದೇವಾನಾಂಪ್ರಿಯನ ಜೊತೆಗೇ ಅಶೋಕ ಎಂದು ಬರೆದಿತ್ತು. ಆಮೇಲೆ ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಗಳಲ್ಲೂ ಆ ಹೆಸರು ಸಿಕ್ಕಿತು.

ಇಲ್ಲಿ ನೋಡಬೇಕಾದದ್ದು ಪ್ರಿನ್ಸೆಪ್ ತಪ್ಪು ಹೇಳಿದ್ದನ್ನು. ಇವತ್ತೊಂದು ನಾಳೆಯೊಂದು ಎಂದು ನೀನು ಬರೆದದ್ದು ಇದೇ ಅಲ್ವಾ? ಆದರೆ ಅವನು ಗಾಳಿ ಬೀಸಿದ ಕಡೆ ವಾಲಲಿಲ್ಲ. ಹೊಸ ಪುರಾವೆ ಬಂತು, ಹಳೆಯ ಊಹೆ ಅದಕ್ಕೆ ಹೊಂದಲಿಲ್ಲ, ಬಿಟ್ಟ. ಹೊಸ ಊಹೆಯೂ ಸುಳ್ಳಾಗುವ ಅಪಾಯವನ್ನು ಹೊತ್ತುಕೊಂಡೇ 78 ವರ್ಷ ನಿಂತಿತು. ನಾನು ವಿಜ್ಞಾನ ಎನ್ನುವುದು ಈ ಅಪಾಯ ಹೊರುವುದಕ್ಕೆ. ‘ಹೀಗಾದರೆ ನನ್ನ ಮಾತು ತಪ್ಪು’ ಎಂದು ಮೊದಲೇ ಬಾಯಿಬಿಟ್ಟು ಹೇಳುವುದಕ್ಕೆ. ಕಾಯಿಯವರನ್ನು ಕೇಳಿ ನೋಡು, ಎಷ್ಟು ಬೋರು ಒಣಗಿದರೆ ಕಾಯಿ ಬಿಡುತ್ತೀರಿ ಎಂದು. ಬೋರು ಒಣಗಿದಾಗಲೆಲ್ಲ ಒಂದು ಕಾರಣ ಸಿದ್ಧವಿರುತ್ತದೆ: ಗಾಡಿಯವನು ಪಾಯಿಂಟ್ ತಪ್ಪಿಸಿದ, ಅಮಾವಾಸ್ಯೆ ಇತ್ತು, ಇನ್ನೂ ಐವತ್ತು ಅಡಿ ಹೋಗಬೇಕಿತ್ತು. ಅದೇ ಪ್ರಶ್ನೆಯನ್ನು ಮೀಟರಿನವರಿಗೂ ಕೇಳು. ಅವರೂ ಬರೀ ನೆಪ ಹೇಳಿದರೆ ಆ ಹೊತ್ತಿಗೆ ಇಬ್ಬರೂ ಒಂದೇ.

ಇನ್ನು ನಿಮ್ಮ ಲೆಕ್ಚರರ್ ಮಾತು. ಅವರು ಒಬ್ಬರೇ ಅಲ್ಲ. ಫಿಸಿಕ್ಸ್ ಬಿಟ್ಟರೆ ಉಳಿದ ವಿಜ್ಞಾನವೆಲ್ಲ ಅಂಚೆಚೀಟಿ ಕೂಡಿಡುವ ಹವ್ಯಾಸ ಎಂದು ದೊಡ್ಡ ಭೌತವಿಜ್ಞಾನಿ ರುದರ್‌ಫೋರ್ಡ್ ಹೇಳಿದ್ದ ಎಂದು ಪ್ರತೀತಿ. 1908ರಲ್ಲಿ ಅವನಿಗೆ ನೊಬೆಲ್ ಬಂತು, ಕೆಮಿಸ್ಟ್ರಿಯಲ್ಲಿ! ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ನಮ್ಮ ಕೆಮಿಸ್ಟ್ರಿ ವಿಭಾಗದವರು ನನಗೆ ಚಹಾ ಕುಡಿಸುತ್ತಿದ್ದರು.

ಆ ಮಾತಿನಲ್ಲಿ ನಿಜ ಎಷ್ಟಿದೆ? ಭೌತಶಾಸ್ತ್ರ ಒಂದು ಬೇಲಿ ಹಾಕುತ್ತದೆ. ನೀರಿನಿಂದಲೇ ಓಡುವ ಎಂಜಿನ್ ಎಂದು ಯಾರಾದರೂ ತಂದರೆ ಬಿಚ್ಚಿ ನೋಡುವ ಮೊದಲೇ ಇಲ್ಲ ಎನ್ನಬಹುದು, ಶಕ್ತಿ ಎಲ್ಲಿಂದಲೂ ಸುಮ್ನೆ ಹುಟ್ಟುವುದಿಲ್ಲ. ಗಿಡ, ದನ, ಮನುಷ್ಯ, ನಕ್ಷತ್ರ ಯಾವುದೂ ಆ ಬೇಲಿ ದಾಟಿದ್ದನ್ನು ಕಂಡಿಲ್ಲ. ಎರಡನೆಯದು, ಅಳತೆಯ ಸಾಮಾನು. ಸೂಕ್ಷ್ಮದರ್ಶಕ, ಎಕ್ಸ್‌ರೇ, ಎಂಆರ್‌ಐ, ನಿಮ್ಮ ಹೊಲದ ಮೀಟರ್ ಎಲ್ಲ ಫಿಸಿಕ್ಸ್ ಮನೆಯಿಂದ ಕಡ ಹೋದವು.

ಆದರೆ ಕಡ ಕೊಟ್ಟವನು ಹೊಲದ ಒಡೆಯನಾಗುವುದಿಲ್ಲ. ಕುಡತಿನಿ ಹತ್ತಿರದ ಬೂದಿಗುಡ್ಡ ನೋಡಿದ್ದೀಯಾ? ಜನ ಅದನ್ನು ಹಿಡಿಂಬಾಸುರನನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಇಂಗ್ಲಿಷ್ ಅಧಿಕಾರಿಗಳು ಏನೇನೋ ಊಹೆ ಮಾಡಿದರು. ಭೂವಿಜ್ಞಾನಿ ಬ್ರೂಸ್ ಫುಟ್, ಇದು ದನದ ಸೆಗಣಿ ಸುಟ್ಟ ಬೂದಿ ಎಂದ. ಬೂದಿಯನ್ನು ಪರೀಕ್ಷೆ ಮಾಡಿದವರು ಆಮೇಲೆ ಹೌದು ಎಂದರು. ಇಂಥದೇ ಗುಡ್ಡವನ್ನು ಉಟ್ನೂರಿನಲ್ಲಿ ಅಗೆದಾಗ ಪುರಾತತ್ವಜ್ಞ ಆಲ್ಚಿನ್ ಅವರಿಗೆ ದನದ ಗೊರಸಿನ ಗುರುತೇ ಸಿಕ್ಕಿತು. ಇಂಥ ಗುಡ್ಡಗಳು ಸುಮಾರು ನಾಲ್ಕು ಸಾವಿರ ವರ್ಷದ ಆಸುಪಾಸಿನವು ಎಂದು ಹೇಳಿದ್ದು ಮಾತ್ರ ಫಿಸಿಕ್ಸ್: ಇಂಗಾಲ-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುವ ಲೆಕ್ಕ. ದಿನಾಂಕ ಬಹಳ ದೊಡ್ಡ ವಿಷಯ, ಒಪ್ಪಿದೆ. ಆದರೆ ಆ ದನಗಾಹಿಗಳು ಸೆಗಣಿಯನ್ನು ಹೊಲಕ್ಕೆ ಹಾಕದೆ ಗುಡ್ಡವಾಗುವಷ್ಟು ಯಾಕೆ ಸುಟ್ಟರು? ಹಬ್ಬಕ್ಕೋ, ರೋಗ ಬಂದಾಗಲೋ? ಆ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೆ ಉತ್ತರ ಇಂಗಾಲದಲ್ಲಿಲ್ಲ.

ಫಿಸಿಕ್ಸ್ ಒಡೆಯನಂತೆ ನಡೆದುಕೊಂಡು ಮುಖಭಂಗ ಮಾಡಿಕೊಂಡದ್ದೂ ಉಂಟು. ನಿಮ್ಮ ಲೆಕ್ಚರರ್‌ಗೆ ಇದನ್ನು ಓದಿಸು. 19ನೇ ಶತಮಾನದ ಕೊನೆಯಲ್ಲಿ ಲಾರ್ಡ್ ಕೆಲ್ವಿನ್‌ಗಿಂತ ದೊಡ್ಡ ಭೌತವಿಜ್ಞಾನಿ ಬ್ರಿಟನ್ನಿನಲ್ಲಿ ಇರಲಿಲ್ಲ. ಕಾದ ಭೂಮಿ ಇಷ್ಟು ತಣ್ಣಗಾಗಲು ಎಷ್ಟು ಕಾಲ ಬೇಕು ಎಂದು ಲೆಕ್ಕ ಹಾಕಿ, ಭೂಮಿಯ ವಯಸ್ಸು 2ರಿಂದ 4 ಕೋಟಿ ವರ್ಷ ಎಂದ. ಗಣಿತದಲ್ಲಿ ತಪ್ಪಿಲ್ಲ. ಆದರೆ ಕಲ್ಲಿನ ಪದರ ಎಣಿಸುತ್ತಿದ್ದ ಭೂವಿಜ್ಞಾನಿಗಳಿಗೆ ಆ ಕಾಲ ಸಾಲುತ್ತಿರಲಿಲ್ಲ. ಜೀವಗಳ ವಿಕಾಸಕ್ಕೂ ಸಾಲುತ್ತಿರಲಿಲ್ಲ, ಕೆಲ್ವಿನ್ನನ ಇಂಥ ಮೊದಲಿನ ಲೆಕ್ಕಗಳೇ ಡಾರ್ವಿನ್‌ಗೆ ದೊಡ್ಡ ತಲೆನೋವಾಗಿದ್ದವು. ಸುತ್ತಿಗೆ ಹಿಡಿದು ಕಲ್ಲು ಒಡೆಯುವವರ ಅಂದಾಜಿಗೆ ಸಮೀಕರಣ ಹಿಡಿದವನು ಬೆಲೆ ಕೊಡಲಿಲ್ಲ. 1895ರಲ್ಲಿ ಕೆಲ್ವಿನ್ನನ ಹಳೇ ಸಹಾಯಕ ಜಾನ್ ಪೆರಿಯೇ ಎದ್ದು ಹೇಳಿದ: ಭೂಮಿಯ ಒಳಗೂ ಶಾಖ ಗಟ್ಟಿ ಕಲ್ಲಿನಲ್ಲಿ ಹರಿದಷ್ಟೇ ನಿಧಾನ ಹರಿಯುತ್ತದೆ ಎಂದು ಹಿಡಿದಿದ್ದೀರಲ್ಲ, ಆ ಒಂದು ಊಹೆ ಬದಲಿಸಿದರೆ ಇಡೀ ಲೆಕ್ಕ ಬದಲಾಗುತ್ತದೆ. ಮರುವರ್ಷವೇ ಬೆಕೆರೆಲ್ ಯುರೇನಿಯಂ ತಾನಾಗಿ ಸೂಸುವ ವಿಕಿರಣವನ್ನು ಕಂಡ. ಅದರಿಂದ ಕಲ್ಲಿನ ವಯಸ್ಸು ಅಳೆಯುವ ಗಡಿಯಾರ ಸಿಕ್ಕಿತು. ಭೂಮಿಗೆ ಈಗ ನಾವು ಕೊಡುವ ವಯಸ್ಸು ಸುಮಾರು 454 ಕೋಟಿ ವರ್ಷ. ಹಂಪಿ, ಕೊಪ್ಪಳ ಕಡೆಯ ಗ್ರಾನೈಟ್ ಬಂಡೆಗಳದ್ದೇ ಸುಮಾರು 250 ಕೋಟಿ. ಕೆಲ್ವಿನ್ ಲೆಕ್ಕ ಸರಿಯಾಗಿದ್ದರೆ ನಿಮ್ಮ ಬೋರಿನಿಂದ ಧೂಳಾಗಿ ಎದ್ದ ಕಲ್ಲು ಭೂಮಿಗಿಂತ ಎಷ್ಟೋ ಹಳೆಯದಾಗಬೇಕಿತ್ತು! ಫಿಸಿಕ್ಸಿನ ತಪ್ಪನ್ನು ಮೊದಲು ಹಿಡಿದದ್ದು ಕಲ್ಲು ಓದುವವರು, ತಿದ್ದುವ ಸಾಧನ ಕೊಟ್ಟದ್ದು ಮತ್ತೆ ಫಿಸಿಕ್ಸೇ. ಯಾರು ದೊಡ್ಡವರು ಎಂದು ಕೇಳಿದರೆ ಏನು ಹೇಳಲಿ?

ಮತ್ತೆ ಫಿಸಿಕ್ಸ್ ಅಷ್ಟು ಕರಾರುವಾಕ್ಕಾಗಿ ಕಾಣುವುದು ಯಾಕೆ? ನನ್ನ ಅಭಿಪ್ರಾಯ ಕೇಳಿದರೆ, ಅದು ಸುಲಭದ ಪ್ರಶ್ನೆಗಳನ್ನು ಆರಿಸಿಕೊಂಡದ್ದಕ್ಕೆ. 1980ರ ಫೆಬ್ರವರಿ 16ರಂದು ರಾಯಚೂರು ಸೀಮೆಯಲ್ಲಿ ಸೂರ್ಯನಿಗೆ ಪೂರ್ಣ ಗ್ರಹಣ. ನಾನು ಆಗ ಡಿಗ್ರಿ ಹುಡುಗ. ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ, ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಹೇಳಿದ ಹೊತ್ತಿಗೆ ಕತ್ತಲಾಯಿತು, ಹೇಳಿದ ಹೊತ್ತಿಗೆ ಬೆಳಕಾಯಿತು. ಪಂಚಾಂಗದಲ್ಲೂ ಗ್ರಹಣ ಇತ್ತು. ಆ ಲೆಕ್ಕ ಖಗೋಳದ್ದು, ವಿಜ್ಞಾನವೇ. ಗರ್ಭಿಣಿ ಹೊರಗೆ ಬರಬಾರದು ಎಂದು ಅದರ ಪಕ್ಕ ಸೇರಿಸಿದ ಮಾತಿಗೆ ಆ ಲೆಕ್ಕದ ಬಲವಿಲ್ಲ. ಗ್ರಹಣವನ್ನು ಹತ್ತಾರು ವರ್ಷ ಮೊದಲೇ ಸೆಕೆಂಡಿನ ಮಟ್ಟಿಗೆ ಹೇಳುವ ಅದೇ ನಿಯಮಗಳು ಮುಂದಿನ ತಿಂಗಳು ಕುಷ್ಟಗಿಗೆ ಮಳೆ ಯಾವತ್ತು ಬರುತ್ತದೆ ಎಂದು ಹೇಳಲಾರವು. ನಿಯಮ ಅವೇ. ಸೂರ್ಯ, ಚಂದ್ರ, ಭೂಮಿ ಮೂರೇ ಗುಂಡು. ಮೋಡದಲ್ಲಿ ಎಣಿಸಲಾಗದಷ್ಟು ಹನಿ, ಗಾಳಿ, ಧೂಳು. ಮೊದಲಲ್ಲಿ ಚಿಟಿಕೆಯಷ್ಟು ತಪ್ಪಿದರೆ ಹತ್ತು ದಿನದಲ್ಲಿ ಮೋಡವೇ ಬೇರೆ ಊರಲ್ಲಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ. 60 ಅಡಿ ಅಗಲ, 20 ಅಡಿ ಎತ್ತರದ ಗೇಟಿನ ತುದಿವರೆಗೆ ನೀರು ನಿಂತರೆ ಅದರ ಮೇಲೆ ಬೀಳುವ ಒತ್ತು ಸುಮಾರು 340 ಟನ್. ಈ ಲೆಕ್ಕ ನೀನೇ ಮಾಡಬಲ್ಲೆ, ಪಿಯುಸಿ ಪುಸ್ತಕ ಸಾಕು. ಆದರೆ ಎಪ್ಪತ್ತು ವರ್ಷ ನೀರಲ್ಲಿ ನೆಂದ ಚೈನಿನ ಯಾವ ಕೊಂಡಿ ಯಾವ ರಾತ್ರಿ ಬಿಡುತ್ತದೆ? ಅದಕ್ಕೆ ತುಕ್ಕಿನ ಕೆಮಿಸ್ಟ್ರಿ ಬೇಕು, ಲೋಹದ ಚರಿತ್ರೆ ಬೇಕು, ವರ್ಷಕ್ಕೊಮ್ಮೆ ಕೈಯಿಟ್ಟು ನೋಡುವ ಮನುಷ್ಯ ಬೇಕು. ಜೀವಶಾಸ್ತ್ರವನ್ನು ಬಾಯಿಪಾಠ ಎನ್ನುವವರು ದಾಳಿಂಬೆಯ ದುಂಡಾಣು ಅಂಗಮಾರಿಗೆ ಓಮ್ ನಿಯಮದಿಂದ ಔಷಧ ಹುಡುಕಲಿ ನೋಡೋಣ.

ಈಗ ನಿನ್ನ ಹೊಲಕ್ಕೆ ಬರೋಣ. ಇನ್ನೊಂದು ಬೋರು ಬೇಕೇ ಬೇಕೆಂದರೆ, ಮೊದಲು ಒಂದು ನೋಟ್‌ಬುಕ್ ತೆಗೆ. ನಿಮ್ಮ ಹೊಲದ ಸುತ್ತ ಒಂದು ಕಿಲೋಮೀಟರ್ ಒಳಗಿನ ಎಲ್ಲ ಬೋರುಗಳನ್ನು ಬರೆ. ಎಷ್ಟು ಆಳ, ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು, ಎಷ್ಟು ಅಡಿಗೆ ನೀರು, ಯಾರ ಪಾಯಿಂಟು, ಈಗಲೂ ನಡೆಯುತ್ತಿದೆಯೋ ಬತ್ತಿದೆಯೋ. ಫೇಲಾದವನ್ನು ಬಿಡಬೇಡ, ಅವೇ ಮುಖ್ಯ. ಮೂವತ್ತು ನಲವತ್ತು ಬೋರು ಬರೆಯುವಷ್ಟರಲ್ಲಿ ಬಂದುಹೋಗುವ ತಜ್ಞರಿಗಿಂತ ನಿನಗೇ ಆ ನೆಲ ಜಾಸ್ತಿ ಗೊತ್ತಿರುತ್ತದೆ.

ಮೀಟರಿನವರನ್ನು ಕರೆಸಿದರೆ ತಂತಿ ಎಷ್ಟು ಉದ್ದ ಎಳೆಯುತ್ತಾರೆ ನೋಡು. ನೂರು ಮೀಟರ್ ಆಳದ ಸುದ್ದಿ ಬೇಕೆಂದರೆ ಹೊರಗಿನ ಗೂಟಗಳ ನಡುವೆ ನಾನೂರು ಐನೂರು ಮೀಟರ್ ಅಂತರ ಬೇಕಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಹೊಲದ ಒಂದು ಮೂಲೆಯಲ್ಲಿ ಮುಗಿಸಿದರೆ ಅವರು ಮೇಲಿನ ಮಣ್ಣನ್ನಷ್ಟೇ ನೋಡಿದ್ದಾರೆ. ಮೂರು ನಾಲ್ಕು ಕಡೆ ಅಳೆಯಲಿ. ಗ್ರಾಫ್ ಕೇಳಿ ಇಸಿದುಕೊ. ಎಷ್ಟು ಅಡಿಗೆ ಏನು ಸಿಗಬಹುದು, ಎಷ್ಟು ಅಡಿಗೆ ಸಿಗದಿದ್ದರೆ ನಿಲ್ಲಿಸಬೇಕು ಎಂದು ಬೋರಿನ ಗಾಡಿ ಬರುವ ಮೊದಲೇ ಬರೆಸಿಕೊ. ಗಾಡಿ ನಿಂತ ಮೇಲೆ ಎಲ್ಲರಿಗೂ ‘ಇನ್ನೈವತ್ತು ಅಡಿ’ ಎನಿಸುತ್ತದೆ. ನಮ್ಮ ಕಲ್ಲಿನಲ್ಲಿ ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕು ಕಡಿಮೆಯಾಗುತ್ತವೆ, ಖರ್ಚು ಮಾತ್ರ ಅಡಿಗೆ ಇಷ್ಟೆಂದು ಏರುತ್ತದೆ. ಇಷ್ಟೆಲ್ಲ ಮಾಡಿದರೂ ಬೋರು ಫೇಲಾಗಬಹುದು. ಆ ದುಡ್ಡು ಹೋದರೂ ಮನೆ ನಡೆಯುತ್ತದೆಯೇ ಎಂದು ಅಪ್ಪನ ಜೊತೆ ಕೂತು ಮಾತಾಡು. ನಡೆಯುವುದಿಲ್ಲ ಎಂದರೆ ಕೃಷಿ ಹೊಂಡ, ಡ್ರಿಪ್, ಈಗಿರುವ ಬೋರಿಗೆ ಮಳೆ ನೀರು ಇಂಗಿಸುವುದು, ಈ ದಾರಿ ಹಿಡಿಯಿರಿ. ನಿಧಾನ, ಆದರೆ ಒಂದೇ ರಾತ್ರಿಯಲ್ಲಿ ಲಕ್ಷ ಮುಳುಗುವುದಿಲ್ಲ.

ಕಾಕಾ ಕಾಯಿಯವರನ್ನು ಕರೆಸಲೇಬೇಕು ಎಂದರೆ ಜಗಳಕ್ಕೆ ಹೋಗಬೇಡ. ಅವರು ತೋರಿಸಿದ ಜಾಗಕ್ಕೆ ಸುಣ್ಣ ಹಾಕು. ಆಮೇಲೆ ಮರ್ಯಾದೆಯಿಂದ ಕೇಳಿ, ಕಣ್ಣಿಗೆ ಟವೆಲ್ ಕಟ್ಟಿ, ಬೇರೆ ಕಡೆಯಿಂದ ನಡೆಸಿಕೊಂಡು ಬಾ. ಕಾಯಿ ಅದೇ ಸುಣ್ಣದ ಮೇಲೆ ಏಳುತ್ತದೆಯೋ ನೋಡು. ಐದಾರು ಸಲ ಮಾಡಬೇಕು, ಒಂದು ಸಲ ಸಾಲದು. ಕಾಕಾನ ಕೈಯಲ್ಲೇ ಲೆಕ್ಕ ಬರೆಸು. ಎರಡು ಇಂಚು ನೀರು ಬಿದ್ದಿದೆ ಎಂದೆಯಲ್ಲ, ಅದನ್ನು ಕುಡಿಯುವುದಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಆಳದ ನೀರಿನಲ್ಲಿ ಅದು ಹಲವು ಕಡೆ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಅದನ್ನು ಕಾಯಿಯೂ ಹೇಳದು, ನನ್ನ ಮೀಟರೂ ಹೇಳದು.

ಬಿಎಸ್‌ಸಿ ವಿಷಯ. ಫಿಸಿಕ್ಸ್ ‘ರಾಜ ವಿದ್ಯೆ’ ಎಂದು ತೆಗೆದುಕೊಳ್ಳಬೇಡ, ಕಾಕಾಗೆ ತೋರಿಸಿಕೊಡುತ್ತೇನೆ ಎಂತಲೂ ಬೇಡ. ಲೆಕ್ಕ ಬಿಡಿಸುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂದಾದರೆ ತೆಗೆದುಕೊ. ಬರೀ ಬಿಎಸ್‌ಸಿ ಫಿಸಿಕ್ಸಿಗೆ ನಮ್ಮ ಕಡೆ ಕೆಲಸ ಕಡಿಮೆ, ಇದನ್ನು ಮುಚ್ಚಿಡುವುದಿಲ್ಲ. ಬಿಎಡ್ ಮಾಡಿ ಮೇಷ್ಟ್ರಾಗಬೇಕು, ಇಲ್ಲವೇ ಎಂಎಸ್‌ಸಿಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ದೂರ ಹೋಗಬೇಕು, ಐದಾರು ವರ್ಷ ತಾಳ್ಮೆ ಬೇಕು. ಪತ್ರ ಓದಿದರೆ ನಿನ್ನ ತಲೆ ಇರುವುದು ನೆಲದ ಕೆಳಗೆ ಎನಿಸುತ್ತದೆ. ಫಿಸಿಕ್ಸ್, ಗಣಿತದ ಜೊತೆ ಜಿಯಾಲಜಿ ಕೊಡುವ ಕಾಲೇಜು ಸಿಗುತ್ತದೆಯೇ ವಿಚಾರಿಸು. ಮುಂದೆ ಭೂಭೌತಶಾಸ್ತ್ರದ ದಾರಿ ತೆರೆಯುತ್ತದೆ. ಅದಕ್ಕೆಂದೇ ಇರುವ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಹೈದರಾಬಾದಿನಲ್ಲಿದೆ, ರಾಯಚೂರಿನಿಂದ ರೈಲು ಹತ್ತಿದರೆ ಆಯಿತು. ಹೊಲವೇ ಇಷ್ಟ ಎಂದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇದೆ. ಸಿಇಟಿಯಲ್ಲಿ ಕೃಷಿಕರ ಕೋಟಾಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ತಪ್ಪಿಸಬೇಡ. ಯಾವುದಕ್ಕೆ ಹೋದರೂ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊ. ಕೊನೇ ವಾರದಲ್ಲಿ ಓಡಾಡಿ ಸೀಟು ಕಳೆದುಕೊಂಡ ಮಕ್ಕಳನ್ನು ಪ್ರತಿ ವರ್ಷ ನೋಡಿದ್ದೇನೆ.

ನೀನು ಬರೆಯದೇ ಬಿಟ್ಟ ಒಂದು ವಿಷಯ ನನಗೆ ರಾತ್ರಿ ನಿದ್ದೆ ಕೆಡಿಸಿತು. ಆ 410 ಅಡಿಯ ಫೇಲಾದ ಬೋರಿನ ಬಾಯಿ ಮುಚ್ಚಿಸಿದ್ದೀರಾ? ಗೋಣಿಚೀಲ, ಕಲ್ಲು ಇಟ್ಟಿದ್ದೇವೆ ಅನ್ನಬೇಡ. ಕಬ್ಬಿಣದ ಮುಚ್ಚಳ ಹಾಕಿಸಿ ಬೆಸುಗೆ ಮಾಡಿಸಿ, ಇಲ್ಲವೇ ಕೇಸಿಂಗ್ ಕಿತ್ತು ಮಣ್ಣು ಕಲ್ಲು ತುಂಬಿಸಿ. ಹೊಲದಲ್ಲಿ ಆಡುವ ಮಕ್ಕಳಿದ್ದಾರೆ. ಈ ಪತ್ರ ಓದಿದ ದಿನವೇ ಅಪ್ಪನಿಗೆ ಹೇಳು.